ಅಳತೆಗೆ ಹೊಲಿದ ತಂತ್ರಾಂಶ

ಅಳತೆ ಕೊಟ್ಟು ರವಿಕೆ ಹೊಲಿಸುವುದಕ್ಕೂ ಅಂಗಡಿಯ ಸಿದ್ಧ ರವಿಕೆ ಕೊಳ್ಳುವುದಕ್ಕೂ ಇರುವ ಅಂತರ ನಮಗೆಲ್ಲ ಗೊತ್ತು. ಕಂಪ್ಯೂಟರಿನ ತಂತ್ರಾಂಶಕ್ಕೂ ಇಂಥದೇ ಕಥೆಯಿದೆಯೆಂದು ತಿಳಿದಾಗ ನನಗೆ ಸೋಜಿಗವೆನಿಸಿತು.

ಮನುಷ್ಯರು ಬರೆದ ಮೂಲ ಬರಹವನ್ನು ಪ್ರೊಸೆಸರಿಗೆ ತಿಳಿಯುವ ಆದೇಶಗಳಾಗಿ ಮಾರ್ಪಡಿಸುವುದು ಕಂಪೈಲರ್. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಎಲ್ಲರ ಕೈಗಿತ್ತ ಜಿಸಿಸಿ ಅಂಥದೊಂದು. ಯಾವ ಪ್ರೊಸೆಸರಿನ ಅಳತೆಗೆ ಹೊಲಿಯಬೇಕೆಂದು ಅದಕ್ಕೆ ಹೇಳಬಹುದು. ಇಂಟೆಲ್ಲಿನ 1995ರ ಪೆಂಟಿಯಂ ಪ್ರೊ, 1993ರ ಪೆಂಟಿಯಂ ಅರಿಯದ ಕೆಲವು ಆದೇಶಗಳನ್ನು ಕಲಿತು ಬಂದಿತ್ತು. ಅದರ ಅಳತೆಗೇ ಹೊಲಿದರೆ ತಂತ್ರಾಂಶ ತುಸು ಚುರುಕಾದೀತು, ನಿಜ. ಅದನ್ನೇ ಹಳೆಯ ಪೆಂಟಿಯಂಗೆ ತೊಡಿಸಿದರೆ? ಅರಿಯದ ಆದೇಶ ಎದುರಾದೊಡನೆ ಕೆಲಸ ಅಲ್ಲೇ ನಿಲ್ಲುತ್ತದೆ. ಮೂಲ ಬರಹ ಕೈಯಲ್ಲಿದ್ದು, ಹೊಲಿಗೆ ಬಲ್ಲವರು ಮತ್ತೆ ಹೊಲಿದುಕೊಂಡಾರು, ಉಳಿದವರ ಪಾಡೇನು?

ಹಳೆಯ ಯಂತ್ರಗಳಲ್ಲೇ ಕಾಲ ಹಾಕುವ ಮನೆಗಳನ್ನೂ ಶಾಲೆಗಳನ್ನೂ ನೆನೆದಾಗ ನನ್ನ ಒಲವು ಸಡಿಲ ಹೊಲಿಗೆಯ ಕಡೆಗೇ. ಲಿನಕ್ಸನ್ನು ಹಂಚುವ ಡೆಬಿಯನ್ ಬಳಗ ಬಹುಕಾಲ ಹಾಗೆಯೇ ನಡೆದುಕೊಂಡಿತು. ಹಳೆಯ ಪೆಂಟಿಯಂನ ಕೈಬಿಟ್ಟದ್ದು 2017ರ ಆವೃತ್ತಿಯಲ್ಲಿ. ಲಿನಕ್ಸಿನ ತಿರುಳಿನ ಕಥೆ ಬೇರೆ. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆಯತೊಡಗಿದ್ದೇ 386 ಪ್ರೊಸೆಸರಿನ ಯಂತ್ರದಲ್ಲಿ. 2012ರ ಕೊನೆಗೆ ಆ 386ರ ಅಳತೆಯನ್ನೇ ಅದರಿಂದ ತೆಗೆದುಹಾಕಿದರು.