ಮಹಾರಾಜರ ಕಪ್ ಮತ್ತು ಹೆಸರಿಲ್ಲದ ಓಟಗಾರರು



ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ‘ಮಹಾರಾಜಾಸ್ ಕಪ್’ ಅಂತ ಒಂದು ಕುದುರೆ ಪಂದ್ಯ ಇದೆ. 1971ರಲ್ಲಿ ರಾಜಧನ ರದ್ದಾಯ್ತು, ರಾಜ ಅನ್ನೋ ಪದವಿಗಿದ್ದ ಮಾನ್ಯತೆಯೂ ಹೋಯ್ತು. ಕಪ್ ಮೇಲಿನ ಹೆಸರು ಮಾತ್ರ ಹೋಗಲಿಲ್ಲ. ನಾನು ಗುಮಾಸ್ತ. ಕಡತದಲ್ಲಿ ಯಾರ ಹೆಸರು ಮೇಲೆ ಬರುತ್ತೆ, ಯಾರದ್ದು ಬರೋದೇ ಇಲ್ಲ ಅಂತ ನೋಡೋದು ನನಗೆ ಅಭ್ಯಾಸ. ಅದಕ್ಕೇ ಈ ಬರಹ.

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟರು. ಹತ್ತು ವರ್ಷ ಕಳೆದು, 1891ರಲ್ಲಿ, ಚಾಮರಾಜ ಒಡೆಯರ್ ಕಾಲದಲ್ಲಿ ಮೈಸೂರು ರೇಸ್ ಕ್ಲಬ್ ಹುಟ್ಟಿತು. ರೇಸ್ ಇಂಗ್ಲಿಷ್ ಅಧಿಕಾರಿಗಳ, ದಂಡಿನವರ ಆಟ. ಅವರ ಜೊತೆ ಸಮಸಮ ಕೂರಬೇಕಾದರೆ ರಾಜರಿಗೂ ಕುದುರೆ ಬೇಕು, ಕಪ್ ಬೇಕು. ಅಲ್ಲಿ ಕುದುರೆಯ ಹೆಸರು, ಮಾಲೀಕರ ಹೆಸರು, ಜಾಕಿಯ ಹೆಸರು ದಾಖಲಾಗುತ್ತೆ. ಲದ್ದಿ ಬಾಚಿ, ಕುದುರೆಯ ಮೈ ಉಜ್ಜುವ ಲಾಯದ ಆಳಿನ ಹೆಸರನ್ನು ಯಾವ ಕಪ್ ಮೇಲೆ ಕೆತ್ತಿದ್ದಾರೆ ಹೇಳಿ?

ಹಾಗಂತ ರಾಜರನ್ನು ಬೈದು ಮುಗಿಸೋದೂ ಸರಿಯಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿ ಬಹುಪಾಲು ಒಂದೇ ಜಾತಿಯ ಕೈಲಿದೆ, ಉಳಿದವರಿಗೂ ಪಾಲು ಸಿಗಬೇಕು ಅನ್ನೋದು ವಿಷಯ. ದಿವಾನ್ ವಿಶ್ವೇಶ್ವರಯ್ಯ ಇದನ್ನು ಒಪ್ಪದೆ ಹುದ್ದೆ ಬಿಟ್ಟರು. ರಾಜರು ಹಿಂದೆ ಸರಿಯಲಿಲ್ಲ. 1921ರಲ್ಲಿ ಆದೇಶ ಬಂತು. ಒಡೆಯರ ಗೆಲುವು ಅಂದ್ರೆ ಇದು. ಯಾವ ಕುದುರೆಯೂ ತಂದುಕೊಡದ ಗೆಲುವು.

ನಮ್ಮ ಹಂಗಾರಕಟ್ಟೆ, ಬಾರ್ಕೂರು ಕಡೆ ಆಗ ಮದ್ರಾಸ್ ಪ್ರಾಂತ್ಯ. ಒಡೆಯರ ರೇಸೂ ಇಲ್ಲ, ಒಡೆಯರ ಆದೇಶವೂ ಇಲ್ಲ. ಇಲ್ಲಿ ಓಟ ಅಂದ್ರೆ ಕಂಬಳ. ಅರಮನೆ, ಬೀಡು, ದೊಡ್ಡ ಮನೆಗಳ ಪ್ರತಿಷ್ಠೆಯ ಗದ್ದೆ. ಆ ಗದ್ದೆಯಲ್ಲಿ ಕೋಣಕ್ಕಿಂತ ಮೊದಲು ಓಡಿಸ್ತಿದ್ದದ್ದು ಯಾರನ್ನು ಮಾರಾಯ್ರೆ? ನಮ್ಮ ಕೊರಗ ಬಂಧುಗಳನ್ನು. ಮನುಷ್ಯರನ್ನು ಕೋಣದ ಹಾಗೆ ಓಡಿಸಿ ಅದಕ್ಕೆ ಸಂಪ್ರದಾಯ ಅಂತ ಹೆಸರಿಟ್ಟರು. ಅದು ಅಪರಾಧ ಅಂತ ಬರೆಯೋಕೆ 2000ದ ಅಜಲು ಪದ್ಧತಿ ನಿಷೇಧ ಕಾಯ್ದೆಯೇ ಬರಬೇಕಾಯ್ತು. ಸ್ವಾತಂತ್ರ್ಯ ಬಂದು 53 ವರ್ಷ ಆಗಿತ್ತು!

2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ಕುತ್ತು ಬಂತು. ಅದನ್ನು ಉಳಿಸೋಕೆ 2017ರಲ್ಲಿ ರಾಜ್ಯ ಕಾನೂನನ್ನೇ ತಿದ್ದಿತು. ಕಂಬಳ ಉಳಿಯಲಿ, ಬೇಡ ಅನ್ನಲ್ಲ. ಆದರೆ ಅಷ್ಟೂ ಚರ್ಚೆಯಲ್ಲಿ ಅಜಲು ಅನ್ನೋ ಶಬ್ದ ನೀವು ಎಷ್ಟು ಸಲ ಕೇಳಿದಿರಿ?

ನನ್ನದು ಎರಡೇ ಮಾತು. ನಾಲ್ವಡಿಯವರನ್ನು ನೆನೆಯೋದಾದರೆ ರೇಸ್ ಕಪ್ಪಿನಲ್ಲಿ ಅಲ್ಲ, 1918ರಲ್ಲಿ ನೆನೆಯಿರಿ, ಮಕ್ಕಳಿಗೆ ಆ ಇಸವಿ ಹೇಳಿಕೊಡಿ. ಎರಡನೇದು, ನಿಮ್ಮೂರ ಗದ್ದೆಯಲ್ಲಿ ಓಡಿಸಿಕೊಂಡ ಹಿರಿಯರು ಇನ್ನೂ ಇದ್ದರೆ, ಅವರು ಒಪ್ಪಿದರೆ, ಹತ್ತಿರ ಕೂತು ಅವರ ಮಾತು ಅವರ ಹೆಸರಲ್ಲೇ ಬರೆದಿಡಿ. ಕೋಣಗಳ ಹೆಸರು ಮೈಕಿನಲ್ಲಿ ಕೂಗ್ತಾರೆ. ಇವರ ಹೆಸರು ನಾವೇ ಬರೀಬೇಕು.