ಪ್ರತಿಭೆಯ ಆಯ್ಕೆ: ಕೂಲಿಮಠದಿಂದ ನವೋದಯದವರೆಗೆ

ಒಂದು ನಾಡಿನ ನಿಜವಾದ ಸಂಪತ್ತು ಅದರ ಮಕ್ಕಳ ಬುದ್ಧಿಶಕ್ತಿಯೆಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ನಾವು ಪದೇ ಪದೇ ಕೇಳುತ್ತೇವೆ. ಆ ಶಕ್ತಿ ಯಾವ ಮಗುವಿನಲ್ಲಿದೆ, ಅದನ್ನು ಗುರುತಿಸುವವರು ಯಾರು, ಗುರುತಿಸುವ ಬಗೆ ಯಾವುದು ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮಾತ್ರ ವಿರಳ. ವಾಚಕ ಮಹಾಶಯರೇ, ನಿಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ ಪೀಣ್ಯದ ಕಾರ್ಖಾನೆಗಳಲ್ಲಿಯೋ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿಯೋ ಉದ್ಯೋಗ ಹಿಡಿದವರು. ನಿಮ್ಮ ಬಾಲ್ಯದಲ್ಲಿ ಯಾರೋ ಒಬ್ಬ ಮಾಸ್ತರರು ನಿಮ್ಮ ತಂದೆಯವರನ್ನು ಕರೆದು, "ಹುಡುಗ ಚುರುಕಾಗಿದ್ದಾನೆ, ಬಿಡಿಸಬೇಡಿ, ಓದಿಸಿ" ಎಂದು ಹೇಳಿದ್ದಿರಬೇಕು. ಅಂಥ ಒಂದು ಮಾತಿನ ಹಿಂದೆ ದೀರ್ಘವಾದ ಇತಿಹಾಸವಿದೆ. ಅದನ್ನು ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಐಗಳ ಕಣ್ಣು

ಸರ್ಕಾರಿ ಶಾಲೆಗಳು ಬರುವ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿ ವಿದ್ಯೆ ಹೇಳಿಕೊಡುತ್ತಿದ್ದವು ಕೂಲಿಮಠಗಳು. ಅಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರೆಂಬುದನ್ನು ನಮ್ಮ ಹಿರಿಯರು ಬಲ್ಲರು. 1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಬರೆದು ಕಳುಹಿಸಿದ ವರದಿ ಈ ವಿಷಯದಲ್ಲಿ ಅಮೂಲ್ಯವಾದ ದಾಖಲೆ.

ಆ ವರದಿಯ ಪ್ರಕಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುತ್ತಿತ್ತು. ಇದು ಶಿಸ್ತಿನ ಮಾತಾಯಿತು. ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು ಇನ್ನೊಂದು ಸಂಗತಿ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳಿದ್ದವು. ವಯಸ್ಸನ್ನು ನೋಡದೆ, ವರ್ಷದ ಕೊನೆಗೆಂದು ಕಾಯದೆ, ಹುಡುಗನ ಶಕ್ತಿಯನ್ನೂ ಪ್ರಗತಿಯನ್ನೂ ಕಂಡು ಮೇಲಿನ ತರಗತಿಗೆ ಏರಿಸುತ್ತಿದ್ದರು. ಮುಂದುವರಿದವರು ಹಿಂದಿನವರಿಗೆ ಕಲಿಸುತ್ತಿದ್ದರು. ಐಗಳು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದು ಹೇಳಿದ್ದಾನೆ. ಪ್ರತಿಭಾವಂತನಿಗೆ ಅವನ ವೇಗದಲ್ಲಿ ಮುಂದೆ ಹೋಗಲು ಬಿಡುವುದು ಇಂದಿನ ಶಿಕ್ಷಣಶಾಸ್ತ್ರಜ್ಞರೂ ಶಿಫಾರಸು ಮಾಡುವ ಕ್ರಮವೆಂಬುದನ್ನು ಗಮನಿಸಿರಿ.

ಆದರೆ ಅದೇ ವರದಿಯ ಇನ್ನೊಂದು ಪುಟವನ್ನೂ ನಾವು ಓದಬೇಕು. ಬಳ್ಳಾರಿ ಜಿಲ್ಲೆಯ ಅಂದಿನ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಎಂದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿ. ಅವರಲ್ಲಿ ಹುಡುಗಿಯರು ಕೇವಲ 60. ಐಗಳ ಕಣ್ಣು ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ನೋಡಬಲ್ಲದ್ದು ತನ್ನ ಎದುರಿಗೆ ಕುಳಿತವರನ್ನು ಮಾತ್ರ. ಉಳಿದ ಮಕ್ಕಳಲ್ಲಿ ಎಷ್ಟು ಮಂದಿ ಮೇಧಾವಿಗಳಿದ್ದರೋ, ಯಾರೂ ಎಣಿಸಲಿಲ್ಲ. ಜರಡಿಯ ಕಣ್ಣು ದೊಡ್ಡದೋ ಚಿಕ್ಕದೋ ಎಂಬ ಚರ್ಚೆಗಿಂತ ಮೊದಲು ಜರಡಿಗೆ ಬಂದ ಕಾಳೆಷ್ಟು ಎಂದು ಕೇಳಬೇಕು. ಈ ಪ್ರಶ್ನೆ ಮುಂದಿನ ಇತಿಹಾಸದ ಉದ್ದಕ್ಕೂ ನಮ್ಮ ಬೆನ್ನು ಹತ್ತಿ ಬರುವುದನ್ನು ನೀವು ಕಾಣುವಿರಿ.

ಈ ಕೊರತೆಯನ್ನು ಅರಿತ ಹಿರಿಯರು ಇದ್ದರು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಒದಗಿಸಿದರು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆ ಮುಡಿಪಾಗಿಟ್ಟರು. ಮಠಗಳ ಪ್ರಸಾದನಿಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅಲ್ಲಿ ಮೊದಲು ಅನ್ನ, ಆಮೇಲೆ ಪರೀಕ್ಷೆ. ಬುದ್ಧಿವಂತನೆಂದು ರುಜುವಾತು ಮಾಡಿಕೊಂಡ ಮೇಲೆ ಬಾ ಎಂದು ಹೇಳದೆ, ಬಂದವನನ್ನು ಕೂರಿಸಿಕೊಂಡು ಅವನಲ್ಲಿ ಏನಿದೆಯೆಂದು ನಿಧಾನವಾಗಿ ನೋಡುವ ಕ್ರಮವದು.

ಅಳತೆಗೋಲು ಬಂದ ಬಗೆ

ಇಷ್ಟರಲ್ಲಿ ಪಶ್ಚಿಮ ದೇಶಗಳಲ್ಲಿ ಬುದ್ಧಿಯನ್ನು ಅಳೆಯುವ ಪ್ರಯತ್ನ ಪ್ರಾರಂಭವಾಗಿತ್ತು. ಫ್ರಾನ್ಸಿನ ಸರ್ಕಾರ 1904ರಲ್ಲಿ ನೇಮಿಸಿದ ಆಯೋಗದ ಕೆಲಸಕ್ಕಾಗಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಎಂಬ ವಿದ್ವಾಂಸರು 1905ರಲ್ಲಿ 30 ಪ್ರಶ್ನೆಗಳ ಒಂದು ಪರೀಕ್ಷೆಯನ್ನು ರಚಿಸಿದರು. ಪಾಠದಲ್ಲಿ ಹಿಂದುಳಿದು ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. ಮೇಲಿನವರನ್ನು ಆರಿಸುವುದಕ್ಕೆ ಅದೇ ಕೋಲನ್ನು ಬಳಸಿದವರು ಅಮೆರಿಕದವರು. ಅಲ್ಲಿನ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿ, ಮಗುವಿನ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುವ ಬುದ್ಧಿಲಬ್ಧಿಯ ಲೆಕ್ಕವನ್ನು ಪ್ರಚಾರಕ್ಕೆ ತಂದನು. ಎಂಟು ವರ್ಷದ ಮಗು ಹತ್ತು ವರ್ಷದವರು ಮಾಡುವಷ್ಟನ್ನು ಮಾಡಿದರೆ ಅದರ ಬುದ್ಧಿಲಬ್ಧಿ 125.

1921ರಲ್ಲಿ ಟರ್ಮನ್ ಕ್ಯಾಲಿಫೋರ್ನಿಯಾದ ಸುಮಾರು ಒಂದೂವರೆ ಸಾವಿರ ಮೇಧಾವಿ ಮಕ್ಕಳನ್ನು ಆರಿಸಿ ಜೀವಮಾನವಿಡೀ ಅಭ್ಯಸಿಸುವ ಕಾರ್ಯಕ್ಕೆ ಕೈಹಾಕಿದನು. ಪ್ರತಿಯೊಬ್ಬ ಮಗುವನ್ನೂ ಪರೀಕ್ಷಿಸುವುದು ಸಾಧ್ಯವಿರಲಿಲ್ಲವಾದ್ದರಿಂದ, ತರಗತಿಯಲ್ಲಿ ಅತ್ಯಂತ ಜಾಣರು ಯಾರು, ಅತ್ಯಂತ ಕಿರಿಯ ವಯಸ್ಸಿನವರು ಯಾರು ಎಂದು ಉಪಾಧ್ಯಾಯರನ್ನು ಕೇಳಿ, ಅವರು ಹೆಸರಿಸಿದ ಮಕ್ಕಳನ್ನು ಪರೀಕ್ಷಿಸಿದನು. ಆಗ ಒಂದು ವಿಚಿತ್ರ ಕಂಡುಬಂದಿತು. ಉಪಾಧ್ಯಾಯರು ಜಾಣನೆಂದು ಹೇಳಿದ ಮಗುವಿಗಿಂತ, ತರಗತಿಯಲ್ಲಿ ಎಲ್ಲರಿಗಿಂತ ಕಿರಿದಾದ ಮಗುವೇ ಮೇಧಾವಿಯಾಗಿರುವ ಸಂಭವ ಹೆಚ್ಚಾಗಿತ್ತು! ವಯಸ್ಸಿನಲ್ಲಿ ದೊಡ್ಡವನಾದ ಹುಡುಗ ಸಹಜವಾಗಿಯೇ ಹೆಚ್ಚು ಬಲ್ಲವನಂತೆ ತೋರುತ್ತಾನೆ. ಅವನ ಪಕ್ಕದಲ್ಲಿ ಸಮಕ್ಕೆ ನಿಂತ ಚಿಕ್ಕವನ ಸಾಹಸ ಮಾಸ್ತರರ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಯೂ ದೋಷರಹಿತವಾಗಿರಲಿಲ್ಲ. ಅದರಲ್ಲಿ ತೇರ್ಗಡೆಯಾಗದೆ ಹೊರಗುಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವಾರೆಜ್ ಎಂಬ ಇಬ್ಬರು ಮುಂದೆ 1956 ಮತ್ತು 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದರು.

ಭಾರತದಲ್ಲಿ ಈ ಪರೀಕ್ಷೆಯನ್ನು 1922ರಲ್ಲಿ ಲಾಹೋರಿನ ಹರ್ಬರ್ಟ್ ರೈಸ್ ಹಿಂದೂಸ್ತಾನಿಗೆ ಅಳವಡಿಸಿದನು. ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಡಾ. ವಿ. ವಿ. ಕಾಮತರದು. ಧಾರವಾಡದ ಮಕ್ಕಳನ್ನು ಪರೀಕ್ಷಿಸಿ, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆಂದು ಬಿನೆಯ ಪರೀಕ್ಷೆಯನ್ನು ಅವರು ಪರಿಷ್ಕರಿಸಿದರು. ಅದರ ವಿವರ 1934ರಲ್ಲಿ ಇಂಗ್ಲೆಂಡಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿನೆ ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ದೇಶದ ಅನೇಕ ಕಡೆ ದಶಕಗಟ್ಟಲೆ ಬಳಕೆಯಲ್ಲಿತ್ತು. ಕಾಮತರ ಕೆಲಸದ ಹಿರಿಮೆ ಎಲ್ಲಿದೆ? ಪ್ಯಾರಿಸಿನ ಮಗು ದಿನವೂ ನೋಡುವ ನಾಣ್ಯವನ್ನು ಧಾರವಾಡದ ಮಗು ಹೆಸರಿಸಲಾರದು. ಹಾಗೆಂದು ಅದು ದಡ್ಡಮಗುವಲ್ಲ. ಮಗುವಿನ ಬುದ್ಧಿಯನ್ನು ಮಗುವಿನ ಮಾತಿನಲ್ಲಿಯೇ ಕೇಳಬೇಕೆಂಬುದನ್ನು ಅವರು ಕಾರ್ಯತಃ ತೋರಿಸಿದರು. ಆದರೆ 1930ರ ದಶಕದ ಮಕ್ಕಳಿಗೆ ಹೊಂದಿಸಿದ ಅಳತೆಯನ್ನು ಮೊಮ್ಮಕ್ಕಳ ಕಾಲದಲ್ಲಿಯೂ ಬದಲಾಯಿಸದೆ ಉಪಯೋಗಿಸಿದ್ದು ನಮ್ಮ ಆಲಸ್ಯವೇ ಸರಿ.

ಸ್ವಾತಂತ್ರ್ಯಾನಂತರ

ಸ್ವತಂತ್ರ ಭಾರತದಲ್ಲಿ ಪ್ರತಿಭಾನ್ವೇಷಣೆಯನ್ನು ಸರ್ಕಾರವೇ ವಹಿಸಿಕೊಂಡಿತು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನಾ ಮಂಡಳಿಯು 1963ರಲ್ಲಿ ದೆಹಲಿಗೆ ಮಾತ್ರ ಸೀಮಿತವಾಗಿ 10 ವಿದ್ಯಾರ್ಥಿವೇತನಗಳಿಂದ ವಿಜ್ಞಾನ ಪ್ರತಿಭಾನ್ವೇಷಣೆಯನ್ನು ಆರಂಭಿಸಿ, 1964ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿ ಸಂಖ್ಯೆಯನ್ನು 350ಕ್ಕೆ ಏರಿಸಿತು. ಲಿಖಿತ ಪರೀಕ್ಷೆಯ ಜೊತೆಗೆ ವಿದ್ಯಾರ್ಥಿ ತಾನೇ ಕೈಗೊಂಡ ಯೋಜನೆಯ ವರದಿಯನ್ನೂ ಸಂದರ್ಶನವನ್ನೂ ಅಂದು ಪರಿಗಣಿಸುತ್ತಿದ್ದರು. 1976ರಲ್ಲಿ ಇತರ ವಿಷಯಗಳೂ ಸೇರಿದವು. 1985ರಲ್ಲಿ ಮೊದಲ ಹಂತದ ಆಯ್ಕೆ ರಾಜ್ಯಗಳಿಗೆ ಬಂದಿತು. 2021ರಲ್ಲಿ ಈ ಯೋಜನೆಯನ್ನು ತಡೆಹಿಡಿಯಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1999ರಿಂದ ನಡೆಸಿಕೊಂಡು ಬಂದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯೂ 2022ರಲ್ಲಿ ಮುಕ್ತಾಯಗೊಂಡಿತು.

ಹಳ್ಳಿಯ ಮಕ್ಕಳಿಗೆಂದೇ ಹುಟ್ಟಿದ ದೊಡ್ಡ ಪ್ರಯತ್ನ ನವೋದಯ ವಿದ್ಯಾಲಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಇವು ಹರಡಿದವು. ಐದನೆಯ ತರಗತಿಯ ಮಕ್ಕಳಿಗೆ ಎರಡು ಗಂಟೆಯ ಪರೀಕ್ಷೆ: ಮಾನಸಿಕ ಸಾಮರ್ಥ್ಯದ 40 ಪ್ರಶ್ನೆ, ಅಂಕಗಣಿತದ 20, ಭಾಷೆಯ 20. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು ಬರೀ ಆಕೃತಿಗಳು; ಹೆಚ್ಚು ಓದು ಬಾರದ ಮಗುವೂ ಉತ್ತರಿಸಬಹುದು. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಕನಿಷ್ಠ ಮುಕ್ಕಾಲು ಪಾಲು ಸ್ಥಾನಗಳು ಗ್ರಾಮಾಂತರದವರಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ. ಬಳ್ಳಾರಿಯ ಆ 60 ಹುಡುಗಿಯರನ್ನು ನೆನೆದರೆ ಇದು ಎಷ್ಟು ದೂರದ ಪ್ರಯಾಣವೆಂದು ಅರಿವಾಗುತ್ತದೆ.

ನಗರದ ಅಂಚಿನಲ್ಲಿ

ಈಗ ನಿಮ್ಮ ಕಣ್ಣೆದುರಿನ ಪ್ರದೇಶಕ್ಕೆ ಬರೋಣ. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದದ್ದು, 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದು, 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಪಾರ್ಕು ತಲೆಯೆತ್ತಿದ್ದು, ಎಲ್ಲವೂ ನಿಮಗೆ ತಿಳಿದದ್ದೇ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ದಾಸರಹಳ್ಳಿ, ಮಹದೇವಪುರ, ಬೊಮ್ಮನಹಳ್ಳಿ ಮೊದಲಾದ ನಗರಸಭೆಗಳೂ ನೂರಕ್ಕೂ ಮಿಕ್ಕ ಹಳ್ಳಿಗಳೂ ಅದರೊಳಗೆ ಸೇರಿದವು. ಕಾಗದದ ಮೇಲೆ ಹಳ್ಳಿ ನಗರವಾಯಿತು. ಆ ಊರಿನ ಶಾಲೆಯಾಗಲಿ ಅಲ್ಲಿ ಓದುವ ಮಗುವಿನ ಮನೆಯಾಗಲಿ ಮೊದಲಿದ್ದಂತೆಯೇ ಉಳಿದವು.

ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಮಗಳು ನಾಲ್ಕನೆಯ ತರಗತಿಯವರೆಗೆ ಊರಿನಲ್ಲಿ ಓದಿ, ಐದನೆಯ ತರಗತಿಯ ನಡುವೆ ತಂದೆತಾಯಿಗಳೊಡನೆ ವೈಟ್‌ಫೀಲ್ಡಿಗೆ ಬಂದಳು. ನವೋದಯದ ನಿಯಮದಂತೆ ಐದನೆಯ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಪೂರ್ತಿ ಓದಿರಬೇಕು. ಗ್ರಾಮಾಂತರ ಸ್ಥಾನ ಬೇಕಾದರೆ ಮೂರು, ನಾಲ್ಕು, ಐದು ಈ ಮೂರೂ ತರಗತಿಗಳನ್ನು ಗ್ರಾಮಾಂತರದಲ್ಲಿಯೇ ಓದಿರಬೇಕು. ಪರೀಕ್ಷೆ ಜೀವಮಾನದಲ್ಲಿ ಒಮ್ಮೆ ಮಾತ್ರ, ಎರಡನೆಯ ಅವಕಾಶವಿಲ್ಲ. ನಿಯಮಗಳಿಗೆಲ್ಲ ಸಕಾರಣಗಳಿವೆ: ಪೇಟೆಯವರು ಹಳ್ಳಿಯವರ ಸ್ಥಾನವನ್ನು ಕಸಿಯಬಾರದೆಂದೇ ಅವುಗಳನ್ನು ಮಾಡಿದ್ದು. ಆದರೂ ಕೂಲಿ ಅರಸಿ ಅಲೆಯುವವರ ಮಗಳು ಹಳ್ಳಿಯ ಲೆಕ್ಕದಲ್ಲಿಯೂ ಇಲ್ಲ, ಜಿಲ್ಲೆಯ ಲೆಕ್ಕದಲ್ಲಿಯೂ ಇಲ್ಲ. ಅವಳು ಅನುತ್ತೀರ್ಣಳಾಗಲಿಲ್ಲ, ಅವಳನ್ನು ಯಾರೂ ಪರೀಕ್ಷಿಸಲೇ ಇಲ್ಲ. ಅವಳನ್ನು ಹೆಸರಿಸಬಲ್ಲ ಉಪಾಧ್ಯಾಯಿನಿಗಾದರೂ ಅವಳ ಪರಿಚಯ ಕೆಲವೇ ತಿಂಗಳದು. ತೆಲುಗು, ತಮಿಳು, ಹಿಂದಿ, ಒಡಿಯಾ ಮನೆಮಾತಿನ ಮಕ್ಕಳು ಇದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಕನ್ನಡದಲ್ಲಿ ತಡವರಿಸುವುದನ್ನು ಮಂದಬುದ್ಧಿಯೆಂದು ಬಗೆಯುವ ಅಪಾಯ ಎಲ್ಲೆಡೆಯೂ ಉಂಟು. ಕಾಮತರು ಧಾರವಾಡದಲ್ಲಿ ಎದುರಿಸಿದ ಸಮಸ್ಯೆ ಇಲ್ಲಿ ಮತ್ತೆ ಹುಟ್ಟಿದೆ.

ಪರಿಹಾರದ ದಾರಿ ಇಲ್ಲವೆಂದಲ್ಲ. 2010ರ ಸುಮಾರಿಗೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಬೆಂಬಲದಿಂದ ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ಒಂದೇ ಪರೀಕ್ಷೆಯನ್ನು ನಂಬದೆ, ಉಪಾಧ್ಯಾಯರೂ ಪಾಲಕರೂ ಮಗುವನ್ನು ಗಮನಿಸಿ ಹೇಳುವ ಮಾತಿಗೂ ಅಲ್ಲಿ ಸ್ಥಾನ ದೊರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇಂಥ ಮಕ್ಕಳಿಗೆ ಕಲಿಸುವ ವಿಶೇಷ ತರಬೇತಿಯನ್ನು ಬಿ.ಎಡ್. ವ್ಯಾಸಂಗದಲ್ಲಿ ಸೇರಿಸಬಹುದೆಂದು ಸೂಚಿಸಿದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೊವರ್ಡ್ ಜಿಲ್ಲೆಯ ಅನುಭವವೂ ಬೋಧಪ್ರದ. ಅಲ್ಲಿ 2005ರವರೆಗೆ ಉಪಾಧ್ಯಾಯರು, ಪಾಲಕರು ಹೆಸರಿಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸುತ್ತಿದ್ದರು. ಅನಂತರ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಆಕೃತಿಗಳ ಪರೀಕ್ಷೆ ಕೊಟ್ಟಾಗ, ಬಡವರ ಮತ್ತು ಕಪ್ಪು ಜನರ ಮಕ್ಕಳು ಮೊದಲಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಆಯ್ಕೆಯಾದರು. ಆ ಮಕ್ಕಳು ಮೊದಲೂ ಅಲ್ಲಿಯೇ ಇದ್ದರು. ಯಾರೂ ಕರೆದಿರಲಿಲ್ಲ, ಅಷ್ಟೇ.

ಎರಡು ಶತಮಾನಗಳ ಈ ಕಥೆಯಿಂದ ನಾವು ಕಲಿಯಬೇಕಾದ ಪಾಠ ಒಂದೇ. ಐಗಳ ಕಣ್ಣೂ ತಪ್ಪುತ್ತದೆ, ಪಂಡಿತರ ಅಳತೆಗೋಲೂ ತಪ್ಪುತ್ತದೆ. ಒಂದರ ತಪ್ಪನ್ನು ಇನ್ನೊಂದು ತಿದ್ದಬೇಕು. ಎರಡಕ್ಕೂ ಮಿಗಿಲಾಗಿ, ಪ್ರತಿಯೊಂದು ಮಗುವೂ ಒಮ್ಮೆಯಲ್ಲ, ಹಲವು ಬಾರಿ ಆ ಕಣ್ಣಿನ ಮುಂದೆ ಬರಬೇಕು.

ವಾಚಕ ಮಹಾಶಯರೇ, ನೀವು ಕೆಲಸ ಮಾಡುವ ಕಟ್ಟಡಗಳ ನೆರಳಿನಲ್ಲಿಯೇ ಸರ್ಕಾರಿ ಶಾಲೆಗಳಿವೆ. ತಿಂಗಳಿಗೊಂದು ಭಾನುವಾರವಾದರೂ ಅಲ್ಲಿನ ಮಕ್ಕಳೊಡನೆ ಒಂದು ಲೆಕ್ಕ ಬಿಡಿಸಿರಿ, ಒಂದು ಯಂತ್ರ ಬಿಚ್ಚಿ ತೋರಿಸಿರಿ. ಯಾವ ಮಗು ಉತ್ತರ ಹೇಳಿದ ಮೇಲೂ ಇನ್ನೊಂದು ಪ್ರಶ್ನೆ ಕೇಳುತ್ತದೆಂದು ನೋಡಿರಿ. ಎಂಟನೆಯ ತರಗತಿಯವರಿಗೆ 2008ರಿಂದ ಇರುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯ ಅರ್ಜಿಯನ್ನು ತುಂಬಿಸಿಕೊಡಿರಿ. ತಂದೆತಾಯಿಗಳನ್ನು ಕಂಡು ಎರಡು ಮಾತು ಹೇಳಿರಿ. ನಿಮ್ಮ ಮಾಸ್ತರರು ನಿಮ್ಮ ತಂದೆಯವರಿಗೆ ಹೇಳಿದ ಆ ಮಾತನ್ನು ಇನ್ನೊಂದು ಮನೆಯ ಬಾಗಿಲಲ್ಲಿ ನಿಂತು ಹೇಳುವ ಸರದಿ ಈಗ ನಿಮ್ಮದು.