ಟಾರು ರಸ್ತೆಗೂ ದಣಿವಾಗುತ್ತದೆ! ಲ್ಯಾಬ್‌ನಲ್ಲಿ ಅದನ್ನು ಅಳೆಯುವುದು ಹೇಗೆ?

ಮುಂಬೈನ ಚೆಂಬೂರು ಬಳಿಯ ಮಾಹುಲ್‌ನಲ್ಲಿ ಬಿಪಿಸಿಎಲ್ ಮತ್ತು ಎಚ್‌ಪಿಸಿಎಲ್ ತೈಲ ಸಂಸ್ಕರಣಾಗಾರಗಳಿವೆ. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು, ಜಿಗುಟು ಭಾಗದಿಂದ ಬಿಟುಮೆನ್ ಸಿಗುತ್ತದೆ. ರೂಢಿಯಲ್ಲಿ ಟಾರು, ಡಾಂಬರು ಅನ್ನುವುದು ಇದನ್ನೇ. ಅಲ್ಲಿಂದ ಇಂಧನ ತುಂಬಿಕೊಂಡು ಹೊರಡುವ ಟ್ಯಾಂಕರ್‌ಗಳ ಭಾರ ಹೊರಬೇಕಾದದ್ದೂ ರಸ್ತೆಯೇ.

ಒಂದು ಲಾರಿ ಹೋದ ಮಾತ್ರಕ್ಕೆ ರಸ್ತೆ ಒಡೆಯುವುದಿಲ್ಲ. ಚಕ್ರ ಹಾದಾಗ ಟಾರಿನ ಪದರ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರ ತಳಭಾಗ ಹಿಗ್ಗುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ತುಂಡಾಗುವ ಹಾಗೆ, ಲಕ್ಷಾಂತರ ಸಲ ಬಾಗಿದ ಪದರದ ತಳದಲ್ಲಿ ಬಿರುಕು ಹುಟ್ಟಿ ಮೇಲಕ್ಕೆ ಬರುತ್ತದೆ. ಇದೇ 'ಫಟೀಗ್', ಅಂದರೆ ದಣಿವು. ಚಕ್ರದ ಜಾಡಿನಲ್ಲಿ ಮೊಸಳೆ ಚರ್ಮದಂತೆ ಕಾಣುವ ಬಿರುಕು ಇದರ ಗುರುತು. ಮುಂಬೈ ಮಳೆಯ ನೀರು ಅದರೊಳಗೆ ಇಳಿದರೆ ಗುಂಡಿ ಬೀಳಲು ಹೆಚ್ಚು ದಿನ ಬೇಕಿಲ್ಲ.

ಪರೀಕ್ಷೆ ಹೇಗೆ ನಡೆಯುತ್ತದೆ?

ಜಲ್ಲಿ ಮತ್ತು ಬಿಟುಮೆನ್ ಮಿಶ್ರಣವನ್ನು ಗಟ್ಟಿಯಾಗಿ ಒತ್ತಿ, 380 ಮಿ.ಮೀ. ಉದ್ದ, 63 ಮಿ.ಮೀ. ಅಗಲ, 50 ಮಿ.ಮೀ. ದಪ್ಪದ ತುಂಡು ಕತ್ತರಿಸುತ್ತಾರೆ. ಅದನ್ನು ನಾಲ್ಕು ಕಡೆ ಹಿಡಿದು, ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೆಕೆಂಡಿಗೆ 10 ಸಲ ಯಂತ್ರದಿಂದ ಬಗ್ಗಿಸಲಾಗುತ್ತದೆ. ತುಂಡಿನ ಬಿಗಿತ ಆರಂಭದ ಅರ್ಧಕ್ಕೆ ಇಳಿದಾಗ ಅದು ಸೋತಿತು ಎಂದು ಲೆಕ್ಕ. ಈ ವೇಗದಲ್ಲಿ 10 ಲಕ್ಷ ಸಲ ಬಗ್ಗಿಸಲು ಸುಮಾರು 28 ಗಂಟೆ ಸಾಕು.

ಆದರೆ ಯಂತ್ರ ಬಿಡುವು ಕೊಡುವುದಿಲ್ಲ. ನಿಜವಾದ ರಸ್ತೆಯಲ್ಲಿ ಎರಡು ಲಾರಿಗಳ ನಡುವಿನ ವಿರಾಮದಲ್ಲಿ ಬಿಟುಮೆನ್ ಸಣ್ಣ ಬಿರುಕುಗಳನ್ನು ಸ್ವಲ್ಪಮಟ್ಟಿಗೆ ತಾನೇ ಬೆಸೆದುಕೊಳ್ಳುತ್ತದೆ. ಹಾಗಾಗಿ ಲ್ಯಾಬ್ ಲೆಕ್ಕವನ್ನು ನೇರವಾಗಿ ರಸ್ತೆಯ ಆಯಸ್ಸು ಎನ್ನಲಾಗದು. ರಸ್ತೆಗಳಲ್ಲಿ ಕಂಡದ್ದರ ಜೊತೆ ಅದನ್ನು ಹೊಂದಿಸಬೇಕು.

ಒಂದು ಶೇಕಡಾ ಗಾಳಿಯ ಬೆಲೆ

ಭಾರತದಲ್ಲಿ ಟಾರು ರಸ್ತೆ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 37 (2018) ಮಾರ್ಗಸೂಚಿ ಇದೆ. ಅದರ ಸೂತ್ರದ ಪ್ರಕಾರ ಪದರದ ತಳದ ಹಿಗ್ಗುವಿಕೆ ಎರಡು ಪಟ್ಟಾದರೆ ಆಯಸ್ಸು ಸುಮಾರು 15ರಲ್ಲಿ ಒಂದು ಭಾಗಕ್ಕೆ ಕುಸಿಯುತ್ತದೆ. ಮಿತಿಮೀರಿ ಸರಕು ಹೇರಿದ ಲಾರಿಗಳು ಮಾಡುವ ಹಾನಿ ಇಲ್ಲೇ ಅರ್ಥವಾಗುತ್ತದೆ.

ಇನ್ನೊಂದು ಲೆಕ್ಕ ಗುತ್ತಿಗೆದಾರರಿಗೆ ಸಂಬಂಧಿಸಿದ್ದು. ಮಿಶ್ರಣದಲ್ಲಿ ಬಿಟುಮೆನ್ ಪ್ರಮಾಣ ಶೇ. 11.5 ಇದ್ದು, ಗಾಳಿಯ ಪ್ರಮಾಣ ಶೇ. 3.5ರ ಬದಲು 4.5 ಆದರೆ, ಉಳಿದೆಲ್ಲ ಒಂದೇ ಇದ್ದರೂ ಆಯಸ್ಸು ಸುಮಾರು ಶೇ. 40ರಷ್ಟು ಕಡಿಮೆ! ರೋಲರ್ ಸರಿಯಾಗಿ ಓಡಿಸದಿದ್ದರೆ, ಟಾರು ತಣ್ಣಗಾದ ಮೇಲೆ ಒತ್ತಿದರೆ, ಆಗುವುದು ಇದೇ. ಲ್ಯಾಬ್‌ನಲ್ಲಿ ಪಾಸಾದ ಮಿಶ್ರಣವೂ ರಸ್ತೆಯಲ್ಲಿ ಬೇಗ ಸೋಲಬಹುದು. ಅದಕ್ಕೇ ಹಾಕಿದ ರಸ್ತೆಯಿಂದ ದುಂಡನೆಯ ತುಂಡು ಕೊರೆದು ತೆಗೆದು ಸಾಂದ್ರತೆ ಪರೀಕ್ಷಿಸುತ್ತಾರೆ.